ಶನಿವಾರ ಹುಟ್ಟಿದವನ ಅಕ್ಕ

ಗ್ಲೊಗೊವಿಕಾದ ನೀರುಗಿರಣಿಯಿಂದ
1731, ಸಂತ ದಿಮಿತ್ರಿಯ ಹಬ್ಬ

ಪಖೋಮಿಯೆ ಗುರುಗಳಿಗೆ,

ಒಂದು ವರ್ಷ ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಕ್ಕಲ್ಲ. ಬಿಷಪ್ಪರು ಮಠದ ಶಾಲೆಗೆ ಬಂದು, "ಮಕ್ಕಳೇ, ಊಟ ಚೆನ್ನಾಗಿದೆಯಾ?" ಎಂದು ಕೇಳಿದರು. ಇಪ್ಪತ್ತು ಜನ ಸುಮ್ಮನಿದ್ದರು. ನಾನು, "ಕಾಳಿನಲ್ಲಿ ಹುಳ ಇದೆ" ಎಂದೆ. ಇತ್ತು. ನೀವು ಬಿಷಪ್ಪರ ಮುಂದೆ ನಕ್ಕು, "ಈ ಹುಡುಗನಿಗೆ ಸುಳ್ಳು ಹೇಳುವ ಚಟ" ಎಂದಿರಿ. ಅದೇ ಸಂಜೆ ನಾನು ಗೋಡೆ ಹಾರಿದೆ. ಈಗಲೂ ಹುಳ ಇತ್ತೆಂದೇ ಹೇಳುತ್ತೇನೆ.

ಈಗ ವಿಷಯ. ನಮ್ಮ ಊರಿಗೆ ಧರ್ಮತಾಯಿ ಬಂದಿದ್ದಾಳೆ. ರೋಗದ ನಿಜವಾದ ಹೆಸರು ಬರೆದರೆ ಅವಳಿಗೆ ಸಿಟ್ಟು ಬರುತ್ತದೆಂದು ಅಕ್ಕ ಕಾಗದದ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಾಳೆ. ಹನ್ನೊಂದು ಜನ ಹೋದರು. ನಮ್ಮ ಪಾದ್ರಿಯೂ ಹೋದರು. ಗಡಿಸೈನ್ಯದವರು ಊರಿಗೆ ಬೇಲಿ ಹಾಕಿದ್ದಾರೆ. ಈ ಪತ್ರವನ್ನು ಸೀಳಿದ ಕೋಲಿಗೆ ಸಿಕ್ಕಿಸಿ ಕಾವಲುಗಾರನ ಕಡೆಗೆ ಚಾಚಬೇಕು. ಅವನು ಅದನ್ನು ದಬ್ಬಣದಿಂದ ಚುಚ್ಚಿ, ವಿನಿಗರ್ ಹೊಗೆ ಹಾಕಿ ನಿಮಗೆ ಕಳಿಸುತ್ತಾನೆ. ತೂತು ಬಿದ್ದಲ್ಲಿ ಅಕ್ಷರ ಹೋಗಿದ್ದರೆ ನನ್ನನ್ನು ಬೈಯಬೇಡಿ.

ಊರು ಇನ್ನೂ ತಿನ್ನುತ್ತಿದೆ ಎಂದರೆ ಅದು ನನ್ನ ಅಕ್ಕ ಸ್ತಮೆನಾಳಿಂದ. ಸುಗ್ಗಿಯ ಕಾಳೆಲ್ಲ ನಮ್ಮ ಗಿರಣಿಯಲ್ಲೇ ಬಿದ್ದಿದೆ. ಬೀಸುವ ಕೈ ಅವಳದೊಂದೇ. ಅಪ್ಪ ಹೊಳೆ ಪಾಲಾದಾಗ ಅವಳಿಗೆ ಹದಿನಾರು. ಹೆಣ್ಣು ಗಿರಣಿ ನಡೆಸಿದರೆ ನೀರು ಹಿಂದಕ್ಕೆ ಹರಿಯುತ್ತದೆ ಎಂದವರೇ ಈಗ ಅವಳ ಹಿಟ್ಟು ತಿನ್ನುತ್ತಿದ್ದಾರೆ. ಮೇಲುಗಲ್ಲು ಎತ್ತಿ, ಸವೆದ ಮುಖಕ್ಕೆ ಉಳಿಯಿಂದ ಮುಳ್ಳು ಹೊಡೆಯಲು ಮೊದಲು ನಾಲ್ಕು ಗಂಡಸರು ಬೇಕಿತ್ತು. ಅವಳು ಒಂದು ಸನ್ನೆಗೋಲು, ಒಂದು ಹಗ್ಗ, ಒಂದಿಷ್ಟು ಬೈಗುಳ ಸೇರಿಸಿ ಎತ್ತುತ್ತಾಳೆ. ಯಾರೂ ಗಿರಣಿಯ ಒಳಗೆ ಬರಬಾರದೆಂದು ನಿಯಮ ಮಾಡಿದ್ದಾಳೆ. ಪ್ಲಮ್ ಮರದ ಕೆಳಗಿನ ಬಂಡೆಯ ಮೇಲೆ ಚೀಲ ಇಟ್ಟು ಹೋಗಬೇಕು, ಅಲ್ಲಿಂದಲೇ ಹಿಟ್ಟು ಒಯ್ಯಬೇಕು. ನಿನ್ನೆ ಊರ ಯಜಮಾನ ರಾಡಾಕ್ ಬಂದು ಆಚೆ ದಡದಿಂದಲೇ ಕೂಗಿದ:

"ಏ ಸ್ತಮೆನಾ, ನನ್ನ ಚೀಲ ಮೊದ್ಲು ಬೀಸಮ್ಮ. ನಾನು ಯಜಮಾನ ಅನ್ನೋದು ನೆನಪಿದ್ಯಾ?"

"ನಂಗೆ ನೆನಪಿದೆ ಯಜಮಾನ್ರೇ. ಕಲ್ಲಿಗೆ ಗೊತ್ತಿಲ್ಲ ನೋಡಿ. ಸಾಲಲ್ಲಿ ಇಡಿ!"

ಉಪ್ಪು, ವಿನಿಗರ್, ಮೇಣದ ಬತ್ತಿ ಬೇಕು. ನಿಮ್ಮನ್ನು ಕೇಳಲು ನನಗೆ ಇಷ್ಟವಿಲ್ಲ. ಬೇರೆ ಯಾರೂ ಗೊತ್ತಿಲ್ಲ.

ನಿಮ್ಮ ಶಾಲೆ ಬಿಟ್ಟವನು,
ತ್ರಿವೂನ್


ಮಠದಿಂದ
ನವೆಂಬರ್ 4

ತ್ರಿವೂನ್,

ಉಪ್ಪು ಎರಡು ಗಂಟು, ವಿನಿಗರ್ ಒಂದು ಪೀಪಾಯಿ, ಬತ್ತಿ ಐವತ್ತು. ನಿನ್ನ ಕಾಗುಣಿತ ಒಂದು ವರ್ಷದಲ್ಲಿ ಹಾಳಾಗಿಲ್ಲ, ನಾಲಗೆಯೂ ಸುಧಾರಿಸಿಲ್ಲ. ಕಾಳಿನ ವಿಷಯ ಈಗ ಬೇಡ.

ಒಂದು ಎಚ್ಚರಿಕೆ ಮಾತ್ರ. ಪಕ್ಕದ ಕಣಿವೆಯಲ್ಲಿ ಇದೇ ರೋಗ ಬಂದಾಗ ಜನ ಸಮಾಧಿ ಅಗೆಯತೊಡಗಿದರು. ಸತ್ತವರಲ್ಲಿ ಯಾರೋ ವಾಂಪಿರ್ ಆಗಿ ಎದ್ದು ರಕ್ತ ಕುಡಿಯುತ್ತಿದ್ದಾರೆ, ಅದಕ್ಕೇ ಸಾವು ನಿಲ್ಲುತ್ತಿಲ್ಲ ಎಂದರು. ಹಾಗೆ ಎದ್ದವರು ನಲವತ್ತು ದಿನ ಓಡಾಡುತ್ತಾರೆ, ಶನಿವಾರ ಮಾತ್ರ ಗುಂಡಿಯಲ್ಲಿ ಮಲಗಿರುತ್ತಾರೆ ಎಂದು ಶನಿವಾರವೇ ಅಗೆದರು. ಮೂರು ಹೆಣಗಳಿಗೆ ಗ್ಲೋಗ್ ಎಂಬ ಮುಳ್ಳುಮರದ ಗೂಟ ಹೊಡೆದರು. ನಾನು ಅಲ್ಲಿದ್ದೆ, ಪ್ರಾರ್ಥನೆ ಓದಿದೆ. ಆ ಶಬ್ದ ಇನ್ನೂ ಕಿವಿಯಲ್ಲಿದೆ.

ನೀನು ಶನಿವಾರ ಹುಟ್ಟಿದವನು. ಎದ್ದ ಸತ್ತವರು ಬೇರೆಯವರಿಗೆ ಕಾಣುವುದಿಲ್ಲ, ನಿನಗೆ ಕಾಣುತ್ತಾರೆ ಎಂದು ತರಗತಿಯಲ್ಲಿ ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಈಗ ಆ ಮಾತು ಎತ್ತಬೇಡ. ಯಾರಾದರೂ ಸತ್ತರೆ ಹೆಣದ ಪಕ್ಕದಲ್ಲಿ ಕಣ್ಣು ಮುಚ್ಚದೆ ಕೂತಿರಿ. ಬೆಕ್ಕು, ಕೋಳಿ ಯಾವುದೂ ಹೆಣವನ್ನು ದಾಟದಂತೆ ನೋಡಿಕೊಳ್ಳಿ. ದಾಟಿದರೆ ಹೆಣ ವಾಂಪಿರ್ ಆಗಿ ಏಳುತ್ತದಂತೆ. ನಾನು ಅದನ್ನು ನಂಬುವುದಿಲ್ಲ. ಊರು ನಂಬುತ್ತದೆ, ಅಷ್ಟು ಸಾಕು.

ನಿನ್ನ ಅಕ್ಕನಿಗೆ ನನ್ನ ಗೌರವ ತಿಳಿಸು.

ಪಖೋಮಿಯೆ


ಗಿರಣಿಯಿಂದ
ನವೆಂಬರ್ 18

ಗುರುಗಳೇ,

ನಿಮ್ಮ ಗೌರವ ತಿಳಿಸಿದೆ. "ನಿಮ್ ಗುರು ಬರಹ ಅಚ್ಚುಕಟ್ಟು, ಮನುಷ್ಯ ಪುಕ್ಕಲ" ಎಂದು ನಕ್ಕಳು. ಅದು ಹತ್ತು ದಿನದ ಹಿಂದೆ. ಸೋಮವಾರ, ಕ್ರಿಸ್‌ಮಸ್ಸಿನ ದೊಡ್ಡ ಉಪವಾಸ ಶುರುವಾದ ದಿನ, ಅಕ್ಕ ತೀರಿಕೊಂಡಳು.

ಮೂರೇ ದಿನದ ಜ್ವರ. ಕಡೆಯ ದಿನವೂ ಗೋಡೆ ಹಿಡಿದು ಬಂದು ಕಲ್ಲಿನ ಸದ್ದಿಗೆ ಕಿವಿ ಕೊಟ್ಟಳು. ಮೂವತ್ತು ಮನೆಯ ಚೀಲ ಇನ್ನೂ ಬಾಕಿ ಇತ್ತು. "ಲೋ ಪಂಡಿತ, ನೀನು ಕಲ್ಲು ಮುಟ್ಬೇಡ, ಕೈ ಕಳ್ಕೋತೀಯ" ಎಂದಳು. ನಾನು ಮುಟ್ಟಿದೆ. ಮೇಲುಗಲ್ಲು ಜಾರಿ ಎಡಗೈಯ ಮೂರು ಬೆರಳು ಜಜ್ಜಿತು. ಅವಳ ಕಣ್ಣು ಆಗ ತೆರೆದೇ ಇತ್ತು. ನಾನು ಕಿರುಚಿದ್ದು ಅವಳು ಕೇಳಿದ ಕೊನೆಯ ಸದ್ದು ಇರಬೇಕು.

ಹೆಣ ಕಾಯಲು ಯಾರೂ ಬರಲಿಲ್ಲ. ಊರ ಮದ್ದಿನ ಅಜ್ಜಿ ಸ್ಮಿಲ್ಯಾನಾ ಒಬ್ಬಳೇ ಬಾಗಿಲ ತನಕ ಬಂದು, ಒಂದು ಹಿಡಿ ಬೇಯಿಸಿದ ಗೋಧಿ ಇಟ್ಟು, "ಬೆಕ್ಕನ್ನ ಕಟ್ಟಾಕೋ" ಎಂದು ಹೋದಳು. ಹಿಟ್ಟು ಜರಡಿ ಹಿಡಿಯುವ ಮೇಜಿನ ಮೇಲೆ ಅಕ್ಕನನ್ನು ಮಲಗಿಸಿ ನಾನು ಕೂತೆ.

ಗಿರಣಿಯ ಕರಿಬೆಕ್ಕು ಗಾರಾ ಅವಳನ್ನು ದಾಟಿತು.

ಮಂಗಳವಾರ ಪ್ಲಮ್ ಮರದಾಚೆ ಹೂಳಿದೆ. ಅಗೆದದ್ದು ಬಲಗೈ ಒಂದೇ. ಊರಿನಲ್ಲಿ ಹಿಟ್ಟು ಒಂದು ವಾರಕ್ಕೆ ಇದೆ.

ತ್ರಿವೂನ್


ಗಿರಣಿಯಿಂದ
ನವೆಂಬರ್ 29, ಸಂತ ಆಂದ್ರೆಯ ಹಬ್ಬದ ಹಿಂದಿನ ದಿನ

ಗುರುಗಳೇ,

ನೀವು ಉತ್ತರ ಬರೆಯಲಿಲ್ಲ. ಆದರೂ ಬರೆಯುತ್ತೇನೆ, ಇದನ್ನು ಹೇಳಲು ಇಲ್ಲಿ ಯಾರೂ ಇಲ್ಲ. ಓದಿ ಬೇಕಾದರೆ ಸುಟ್ಟುಬಿಡಿ. ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ.

ಹೋದ ಭಾನುವಾರ ದಟ್ಟ ಮಂಜು. ಮಧ್ಯಾಹ್ನವೇ ಸಂಜೆಯಂತಿತ್ತು. ನಾನು ಕೈಗೆ ಕೋಸಿನ ಎಲೆ ಕಟ್ಟಿಕೊಂಡು ಮಲಗಿದ್ದೆ. ಚಕ್ರ ತಿರುಗುವ ಸದ್ದು ಕೇಳಿತು. ತೂಬು ನಾನೇ ಮುಚ್ಚಿದ್ದೆ. ಕೆಳಗಿಳಿದು ನೋಡಿದರೆ ಅಕ್ಕ. ಮೇಲುಗಲ್ಲನ್ನು ಎದೆಗೊತ್ತಿ ಹಿಡಿದು ನಿಂತಿದ್ದಳು. ಸನ್ನೆಗೋಲಿಲ್ಲ, ಹಗ್ಗವಿಲ್ಲ. ನಾವು ರೊಟ್ಟಿ ತಿರುವಿ ಹಾಕಿದಷ್ಟು ಸಲೀಸಾಗಿ ಅದನ್ನು ಮಗುಚಿ ಹಾಕಿ, ಉಳಿ ತೆಗೆದುಕೊಂಡು ಮುಳ್ಳು ಹೊಡೆಯತೊಡಗಿದಳು. ತಲೆ ಎತ್ತದೆ ಕೇಳಿದಳು:

"ಕೈ ಹೇಗಿದ್ಯೋ ಪಂಡಿತ?"

"ನೋಯ್ತಿದೆ."

"ಮುಟ್ಬೇಡ ಅಂದಿದ್ದೆ."

"ನೀನು ಸತ್ತಿದ್ದೀಯ ಅಕ್ಕ."

"ಗೊತ್ತು. ಆ ಪೆಟ್ಟಿಗೇನ ನೀನೇ ಹೊಡೆದಿದ್ದಾ? ಒಂದು ಮೊಳೇನೂ ನೆಟ್ಟಗಿರಲಿಲ್ಲ. ಎದ್ದು ಬರೋಕೆ ಕಷ್ಟವೇ ಆಗ್ಲಿಲ್ಲ."

ಗುರುಗಳೇ, ನನಗೆ ಭಯವಾಯಿತು. ಆದರೆ ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಇದನ್ನು ಬರೆಯಲು ನಾಚಿಕೆಯಿಲ್ಲ. ಅವಳ ಮುಖ ಬಿಸಿಲಿಗೆ ಹಿಡಿದ ದ್ರಾಕ್ಷಾರಸದ ಬಣ್ಣ. ಕತ್ತಲ ಮೂಲೆಯಲ್ಲೂ ಕಾಳು ಆರಿಸುವಷ್ಟು ಕಣ್ಣು ಚುರುಕು. ಹೊಳೆಯ ತಳದಲ್ಲಿ ಮೀನು ತಿರುಗಿದ್ದನ್ನು ಒಳಗಿನಿಂದಲೇ ಕೇಳಿ ಹೇಳುತ್ತಾಳೆ. ಹಿಮಗಟ್ಟಿದ ಚಕ್ರದ ಹಲ್ಲುಗಳನ್ನು ಬರಿಗೈಯಲ್ಲಿ ಬಿಡಿಸಿದಳು. ಇಷ್ಟೆಲ್ಲ ಬಲ ಬಂದವರು ಜಗತ್ತಿನ ತುದಿಗೆ ಓಡಿಹೋಗುತ್ತಿದ್ದರು, ಇಲ್ಲವೇ ಅರಮನೆಗೆ ನುಗ್ಗುತ್ತಿದ್ದರು. ಅವಳು ಚೀಲದ ಸಾಲು ನೋಡಿ, "ವಿಧವೆ ಯಗೋದಾಳದ್ದು ಮೊದ್ಲು, ಆಮೇಲೆ ರಾಡಾಕಂದು" ಎಂದಳು.

ಬೇರೆಯವರಿಗೆ ಅವಳು ಕಾಣುವುದಿಲ್ಲ. ಕಲ್ಲು ತಿರುಗುವುದು ಕೇಳುತ್ತದೆ, ಬಂಡೆಯ ಮೇಲೆ ಹಿಟ್ಟು ಸಿಗುತ್ತದೆ. ನನ್ನ ಕೈಯ ಕಟ್ಟು ನೋಡುತ್ತಾರೆ, ಚೀಲ ಹೊತ್ತುಕೊಂಡು ಹೋಗುತ್ತಾರೆ. ಯಾರೂ ಕೇಳುವುದಿಲ್ಲ.

ಈಗ ಕಷ್ಟದ ಮಾತು. ಅವಳಿಗೆ ಹಸಿವಾಗುತ್ತದೆ. ಮೊದಲ ದಿನ ರೊಟ್ಟಿ ಕೊಟ್ಟೆ, ಬೂದಿಯಂತಿದೆ ಎಂದಳು. ಎರಡನೇ ದಿನ ತನ್ನ ಹೆಣದ ಬಟ್ಟೆಯ ತುದಿ ಅಗಿಯುತ್ತ ಕೂತಿದ್ದಳು. ನಾನು ಬಲಗೈಯ ತೋಳು ಮಡಚಿ ಮುಂದೆ ಹಿಡಿದೆ. ಬಹಳ ಹೊತ್ತು ಬೈದಳು. ಆಮೇಲೆ ಕುಡಿದಳು. ಇಂದಿಗೆ ಐದು ಸಲ. ಬುಧವಾರ, ಶುಕ್ರವಾರ ಮುಟ್ಟುವುದಿಲ್ಲ. "ಉಪವಾಸದಲ್ಲಿ ಮಾಂಸಾನೇ ನಿಷಿದ್ಧ. ನಾನು ರಕ್ತ ಕುಡೀತಿದ್ದೀನಿ. ಎರಡು ದಿನಾನಾದ್ರೂ ಬಿಡ್ಬೇಕಲ್ವೇನೋ?" ಎಂದಳು. ಶನಿವಾರ ಹೇಗೂ ಗುಂಡಿಯಲ್ಲಿರುತ್ತಾಳೆ, ಅವತ್ತು ಏಳಲು ಆಗುವುದಿಲ್ಲವಂತೆ.

ಅವಳ ಬಗ್ಗೆ ನನಗೆ ಏನನ್ನಿಸಬೇಕೆಂದು ನೀವು ಬರೆಯಬೇಡಿ. ನನಗೆ ಏನನ್ನಿಸುತ್ತದೋ ಅದು ಗೊತ್ತಿದೆ.

ತ್ರಿವೂನ್


ಮಠದಿಂದ
ಡಿಸೆಂಬರ್ 3

ಮಗು ತ್ರಿವೂನ್,

ನಿನ್ನ ಪತ್ರವನ್ನು ಸುಟ್ಟಿಲ್ಲ. ಸುಡಬೇಕಿತ್ತು. ಎರಡು ದಿನ ಅದನ್ನು ಜಪದ ಪುಸ್ತಕದೊಳಗಿಟ್ಟುಕೊಂಡು ತಿರುಗಿದೆ.

ನಿನಗೆ ಜ್ವರ ನೆತ್ತಿಗೇರಿದೆ ಎಂದುಕೊಂಡರೆ ನನಗೆ ಸುಲಭ. ಆದರೆ ನಿನ್ನ ಅಕ್ಷರ ಎಲ್ಲೂ ನಡುಗಿಲ್ಲ. ಅದಕ್ಕೇ ಭಯ.

ಹೇಳುವುದಿಷ್ಟು. ನಲವತ್ತು ದಿನ ಕ್ರಿಸ್‌ಮಸ್ಸಿನ ಹಿಂದಿನ ದಿನಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಸಿಕ್ಕಿಬೀಳದ ವಾಂಪಿರ್ ಮತ್ತೆ ಗುಂಡಿಗೆ ಮರಳುವುದಿಲ್ಲ, ಮೈಗೆ ಮೂಳೆ ತುಂಬಿ ಎಲ್ಲರಿಗೂ ಕಾಣುವಂತಾಗಿ, ಗುರುತಿಲ್ಲದ ಊರಿಗೆ ಹೋಗಿ ಮನುಷ್ಯರ ನಡುವೆ ಬದುಕುತ್ತದೆ ಎಂದು ಮುದುಕರು ಹೇಳುತ್ತಾರೆ. ಅಷ್ಟರೊಳಗೆ ಊರವರು ನಿನ್ನನ್ನು ಕೇಳಿಯೇ ಕೇಳುತ್ತಾರೆ. ಆಗ ಸುಮ್ಮನಿರು. ಸುಳ್ಳು ಹೇಳು ಎನ್ನುತ್ತಿಲ್ಲ. ಬಾಯಿ ಮುಚ್ಚಿಕೊಂಡಿರು, ಅಷ್ಟೇ.

ಇನ್ನೊಂದು. ನೀನು ಬರೆದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಗಾರಾ ಅವಳನ್ನು ದಾಟಿತು." ಏಳು ವರ್ಷ ನಿನಗೆ ವ್ಯಾಕರಣ ಕಲಿಸಿದ್ದೇನೆ. ನೀನು ಚಿಕ್ಕ ವಾಕ್ಯ ಬರೆಯುವುದು ದೊಡ್ಡದನ್ನು ಬಿಟ್ಟಾಗ.

ಬೆಕ್ಕು ತಾನಾಗಿಯೇ ದಾಟಿತೇ?

ಪಖೋಮಿಯೆ


ಗಿರಣಿಯಿಂದ
ಡಿಸೆಂಬರ್ 14

ಗುರುಗಳೇ,

ಇಲ್ಲ. ಬೆಕ್ಕು ಒಲೆಯ ಪಕ್ಕದಲ್ಲಿ ಮಲಗಿತ್ತು. ನಾನೇ ಎತ್ತಿಕೊಂಡು ಅವಳ ಎದೆಯ ಮೇಲಿನಿಂದ ಆ ಕಡೆ ಬಿಟ್ಟೆ. ಅದು ವಾಪಸ್ ಬಂತು. ಇನ್ನೊಮ್ಮೆ ಬಿಟ್ಟೆ. ಒಂದು ಸಲ ಸಾಕೋ ಇಲ್ಲವೋ ಗೊತ್ತಿರಲಿಲ್ಲ.

ಮೂವತ್ತು ಚೀಲಕ್ಕಾಗಿ ಹಾಗೆ ಮಾಡಿದೆ ಎಂದು ಬರೆಯಬಹುದಿತ್ತು. ಸುಳ್ಳಾಗುತ್ತಿತ್ತು. ನನಗೆ ಒಬ್ಬನೇ ಇರಲು ಆಗುತ್ತಿರಲಿಲ್ಲ. ಅವಳನ್ನು ಕೇಳದೆ ಅವಳಿಗೆ ಹಸಿವು ತಂದಿಟ್ಟೆ. ಮೊನ್ನೆ ಇದನ್ನು ಅವಳ ಮುಂದೆ ಹೇಳಿದೆ. ಅವಳು ಉಳಿಯ ತುದಿಯನ್ನು ಮಸೆಯುತ್ತಿದ್ದಳು.

"ಗೊತ್ತಿತ್ತು ಕಣೋ. ಗಾರಾ ತಾನಾಗೇ ಯಾವತ್ತಾದ್ರೂ ಒಲೆ ಬಿಟ್ಟು ಎದ್ದಿದ್ದುಂಟಾ?"

"ಸಿಟ್ಟಿಲ್ವಾ?"

"ಇದೆ. ಚೀಲ ಮುಗೀಲಿ, ಆಮೇಲೆ ತೀರಿಸ್ಕೋತೀನಿ."

ಒಂಬತ್ತು ದಿನದ ಕೆಳಗೆ, ನಿಕೋಲಾ ಹಬ್ಬದ ಹಿಂದಿನ ದಿನ, ನಾನು ಮೆಟ್ಟಿಲ ಮೇಲೆ ಬವಳಿ ಬಂದು ಬಿದ್ದೆ. ಅಷ್ಟರಲ್ಲಿ ಏಳು ಸಲ ಆಗಿತ್ತು. ಅಂದಿನಿಂದ ಅವಳು ಮುಟ್ಟಿಲ್ಲ. ತೋಳು ಒಡ್ಡಿದರೆ ಮುಖ ತಿರುಗಿಸುತ್ತಾಳೆ. ಕೆಂಪು ಬಣ್ಣ ಇಳಿಯಿತು, ಕೆನ್ನೆ ಒಳಗೆ ಹೋಯಿತು. ತನ್ನ ತೋಳನ್ನೇ ಕಚ್ಚಿಕೊಳ್ಳುತ್ತಾಳೆ, ಅದರಿಂದ ಏನೂ ಬರುವುದಿಲ್ಲ. ಆದರೂ ಕಲ್ಲು ಒಂದು ದಿನವೂ ನಿಂತಿಲ್ಲ, ಶನಿವಾರ ಬಿಟ್ಟು.

ನಿನ್ನೆ ರಾಡಾಕನ ನಾಲ್ಕು ವರ್ಷದ ಮಗಳು ಸತ್ತಳು. ಇಷ್ಟು ದಿನ ಹಿಟ್ಟು ಎಲ್ಲಿಂದ ಎಂದು ಕೇಳದವರಿಗೆ ಈಗ ಕೇಳಬೇಕಾಗಿದೆ. ಇವತ್ತು ಇಗರ್ಜಿಯ ಅಂಗಳದಲ್ಲಿ ಸಭೆ ಆಯಿತು. ಸಮಾಧಿ ಗುರುತಿಸಲು ಮಚ್ಚೆಯಿಲ್ಲದ ಕರಿಗಂಡುಕುದುರೆಯನ್ನು ಗುಂಡಿಗಳ ಮೇಲೆ ನಡೆಸಬೇಕು, ವಾಂಪಿರ್ ಇರುವ ಗುಂಡಿಯನ್ನು ಅದು ದಾಟುವುದಿಲ್ಲವಂತೆ. ಊರಲ್ಲಿ ಕುದುರೆ ಉಳಿದಿಲ್ಲ. "ಶನಿವಾರದವನು ಇದ್ದಾನಲ್ಲ, ಕುದುರೆ ಯಾಕೆ?" ಎಂದು ಯಾರೋ ಅಂದರು. ಈ ಶನಿವಾರ ನಾನು ಹೇಳಬೇಕು.

ಅಕ್ಕನನ್ನು ಕೇಳಿದೆ, "ಆ ಮನೆಗೆ ಹೋಗಿದ್ಯಾ?"

"ಹೋಗಿದ್ದೆ. ಕಿಟಕಿ ತನಕ." ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟಳು. "ಮಗು ಉಸಿರು ಈಗ ತಾನೆ ಕೆಂಡದಿಂದ ತೆಗೆದ ರೊಟ್ಟಿ ಹಾಗಿತ್ತು. ಅಲ್ಲೇ ನಿಂತಿದ್ದೆ. ಆಮೇಲೆ ವಾಪಸ್ ಬಂದೆ."

"ನಾನೇನು ಹೇಳ್ಲಿ ಅವ್ರಿಗೆ?"

"ಇದನ್ನೇ ಹೇಳು. ನಿಂಗೆ ಸುಳ್ಳು ಬರಲ್ಲ, ಕಿವಿ ಕೆಂಪಾಗತ್ತೆ."

ನೀವು ಸುಮ್ಮನಿರು ಎಂದಿರಿ. ಗುರುಗಳೇ, ಕಾಳಿನ ದಿನವೂ ನಾನು ಸುಮ್ಮನಿರಬೇಕೆಂದೇ ಬಯಸಿದ್ದಿರಿ. ಸುಮ್ಮನಿದ್ದರೆ ಅವರು ಸಿಕ್ಕ ಸಿಕ್ಕ ಗುಂಡಿಯನ್ನೆಲ್ಲ ಅಗೆಯುತ್ತಾರೆ, ಯಗೋದಾಳ ಗಂಡನನ್ನು, ನಮ್ಮ ಪಾದ್ರಿಯನ್ನು, ಆ ಮಗುವನ್ನೂ. ನಾನು ಹೇಳುತ್ತೇನೆ. ಅವಳು ಉಳಿಯುವುದಾದರೆ ಅವಳು ಏನು ಮಾಡಿದಳೋ ಅದರಿಂದ ಉಳಿಯಬೇಕು.

ಬರೆಯುವಾಗ ಧೈರ್ಯವಿದೆ. ಶನಿವಾರ ಇರುತ್ತದೋ ಇಲ್ಲವೋ.

ತ್ರಿವೂನ್


ಮಠದಿಂದ
ಡಿಸೆಂಬರ್ 17, ತುರ್ತು

ಇದು ನಿನಗೆ ಶನಿವಾರದೊಳಗೆ ತಲುಪುವುದೋ ತಿಳಿಯದು. ಬೇಲಿಯ ತನಕ ಹೋಗಿದ್ದೆ. ಒಳಗೆ ಬಿಡಿ, ಗೂಟ ಹೊಡೆಯುವ ಮುನ್ನ ಅವರೊಡನೆ ಮಾತಾಡುತ್ತೇನೆ ಎಂದೆ. ಅಧಿಕಾರಿ ಬಿಡಲಿಲ್ಲ. ಹಿಮದಲ್ಲಿ ನಿಂತು ನಿಮ್ಮ ಚಕ್ರದ ಸದ್ದು ಕೇಳಿದೆ. ನಿಜವಾಗಿ ತಿರುಗುತ್ತಿತ್ತು.

ಸುಮ್ಮನಿರು ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಪ


ಗಿರಣಿಯಿಂದ
ಡಿಸೆಂಬರ್ 24, ಓಕ್ ಕೊರಡು ಒಲೆಗಿಡುವ ದಿನ

ಗುರುಗಳೇ,

ನಿಮ್ಮ ಚೀಟಿ ಭಾನುವಾರ ಬಂತು. ಕೆಲಸ ಶನಿವಾರವೇ ಮುಗಿದಿತ್ತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಬೆಳಗ್ಗೆ ಬಿಸಿಲಿತ್ತು. ನಡೆಯಲು ಶಕ್ತಿ ಇದ್ದವರೆಲ್ಲ ಬಂದಿದ್ದರು, ನಲವತ್ತು ಜನ ಇರಬಹುದು. ರಾಡಾಕನ ಕೈಯಲ್ಲಿ ಮುಳ್ಳುಗೂಟ. ಅವನು ನಾಲ್ಕು ದಿನದಿಂದ ಗಡ್ಡ ಕೆರೆದಿರಲಿಲ್ಲ, ಊಟ ಮಾಡಿದಂತೆಯೂ ಕಾಣಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

"ಹೇಳೋ ತ್ರಿವೂನ್. ಊರಲ್ಲಿ ವಾಂಪಿರ್ ಇದ್ಯಾ?"

"ಇದೆ."

"ಯಾರು?"

"ನಮ್ಮಕ್ಕ. ಬೆಕ್ಕನ್ನ ಅವಳ ಮೇಲಿಂದ ದಾಟಿಸಿದ್ದು ನಾನೇ. ಬನ್ನಿ, ತೋರಿಸ್ತೀನಿ."

ಅಗೆದವರು ನಾಲ್ವರು. ಮುಚ್ಚಳ ತೆಗೆದಾಗ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಒಬ್ಬೊಬ್ಬರಾಗಿ ಮುಂದೆ ಬಂದರು. ಅವರು ಕಾಯುತ್ತಿದ್ದದ್ದು ಡೋಲಿನಂತೆ ಊದಿ ಕೆಂಪಾದ, ಬಾಯಂಚಿನಲ್ಲಿ ರಕ್ತ ಹೆಪ್ಪುಗಟ್ಟಿದ ಹೆಣಕ್ಕೆ. ಅಲ್ಲಿ ಮಲಗಿದ್ದವಳು ಒಣಗಿದ ಜೋಳದ ದಂಟಿನಷ್ಟು ತೆಳ್ಳಗಿದ್ದಳು. ಮೈ ಒಂದಿಷ್ಟೂ ಕೆಟ್ಟಿರಲಿಲ್ಲ. ತುಟಿ ಬಿರಿದಿತ್ತು. ಹುಬ್ಬಿನಲ್ಲಿ, ಉಗುರಿನಲ್ಲಿ, ಜಡೆಯಲ್ಲಿ ಹಿಟ್ಟು. ಇನ್ನೂ ಹೊಸದಾದ ಬಿಳಿ ಹಿಟ್ಟು.

ಯಗೋದಾ ಶಿಲುಬೆ ಗುರುತು ಹಾಕಿಕೊಂಡಳು. "ಮೂವತ್ತನಾಲ್ಕು ದಿನ ಆಯ್ತು, ಕೊಳೆತಿಲ್ಲ. ಊದಿಲ್ಲ. ಇವ್ಳು ವಾಂಪಿರ್ ಅಲ್ರಪ್ಪ, ಸಂತಳು!"

ಇನ್ನಿಬ್ಬರು ಮೊಣಕಾಲೂರಿದರು. ರಾಡಾಕ್ ಗೂಟ ಕೆಳಗಿಳಿಸಿದ. ಗುರುಗಳೇ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಗುಡಿ ಕಟ್ಟುತ್ತಿದ್ದರು. ನನ್ನ ಕಿವಿ ಕಾಯುತ್ತಿರುವುದು ನನಗೇ ಗೊತ್ತಾಯಿತು.

"ಸಂತಳಲ್ಲ," ಎಂದೆ. ತೋಳಿನ ಬಟ್ಟೆ ಸರಿಸಿ ತೋರಿಸಿದೆ. "ಇದು ಅವಳ ಹಲ್ಲು. ಏಳು ಸಲ ಕುಡಿದಿದ್ದಾಳೆ."

ಯಗೋದಾ, "ಅಯ್ಯೋ ಮುಠ್ಠಾಳ, ನಿನ್ನ ಯಾರು ಕೇಳಿದ್ರೋ!" ಎಂದು ಅಳತೊಡಗಿದಳು. ರಾಡಾಕ್ ನನ್ನ ತೋಳು ಹಿಡಿದು ಬಹಳ ಹೊತ್ತು ನೋಡಿದ.

"ನನ್ ಮಗೂನ ಮುಟ್ಟಿದ್ಲಾ?"

"ಕಿಟಕಿ ತನಕ ಬಂದಿದ್ಲು. ಒಳಗೆ ಬರ್ಲಿಲ್ಲ."

"ಅದು ಹೇಗೆ ನಂಬ್ಲೋ?"

ಆಗ ಅವನ ಹೆಂಡತಿ ಪೆತ್ರಿಯಾ ಮಾತಾಡಿದಳು. ಮಗು ಸತ್ತ ಮೇಲೆ ಅವಳು ಆಡಿದ ಮೊದಲ ಮಾತು ಅದು ಎಂದು ಆಮೇಲೆ ಹೇಳಿದರು.

"ಕಿಟಕಿ ತೆರೆದೇ ಇತ್ತು," ಎಂದಳು. "ಜ್ವರದ ಸೆಕೆ ಅಂತ ನಾನೇ ತೆಗೆದಿಟ್ಟಿದ್ದೆ. ಪಕ್ಕದಲ್ಲೇ ನಿದ್ದೆ ಹೋಗಿದ್ದೆ. ಬರ್ಬೇಕು ಅಂದಿದ್ರೆ ಬರ್ತಿದ್ಲು."

ಸ್ಮಿಲ್ಯಾನಾ ಅಜ್ಜಿ ಕೋಲೂರಿಕೊಂಡು ಗುಂಡಿಯ ಅಂಚಿಗೆ ಬಂದಳು. ಬಗ್ಗಿ ಅಕ್ಕನ ತೋಳಿನ ಮೇಲಿನ ಕಚ್ಚಿದ ಗುರುತುಗಳನ್ನು ನೋಡಿದಳು.

"ಇದು ಯಾರು ಕಚ್ಚಿದ್ದೋ?"

"ಅವಳೇ. ಹಸಿವಿಗೆ. ನಿಕೋಲಾ ಹಬ್ಬದಿಂದ ಏನೂ ಮುಟ್ಟಿಲ್ಲ. ಅದಕ್ಕೂ ಮುಂಚೆ ಬುಧವಾರ, ಶುಕ್ರವಾರ ಮುಟ್ಟಿಲ್ಲ."

"ಉಪವಾಸ?"

"ಹೂಂ."

ಅಜ್ಜಿ ತಿರುಗಿ ಎಲ್ಲರ ಮುಖ ನೋಡಿದಳು. "ರಾಡಾಕ್, ನಿಮ್ಮ ಅಟ್ಟದ ಹೊಗೆಯಲ್ಲಿ ಹಂದಿಕೊಬ್ಬು ತೂಗ್ತಿತ್ತಲ್ಲಪ್ಪ, ಈಗೆಲ್ಲಿ? ಯಗೋದಾ, ಮೊನ್ನೆ ಗಿಣ್ಣು ಮುರಿದು ಬಾಯಿಗೆ ಹಾಕ್ಕೊಂಡಿದ್ದು ಯಾವ ವಾರ? ನಾನೂ ಮೊಟ್ಟೆ ತಿಂದಿದ್ದೀನಿ, ಎರಡು. ಈ ಊರಲ್ಲಿ ಈ ಸಲ ಉಪವಾಸ ನೆಟ್ಟಗೆ ಮಾಡಿದ್ದು ಇವಳೊಬ್ಬಳು. ಅದೂ ಸತ್ತ ಮೇಲೆ. ಗೂಟ ಹೊಡೆಯೋನು ಮೊದ್ಲು ನನ್ ಮುಂದೆ ಬಂದು ಬಾಯಿ ಆ ಅನ್ಲಿ. ವಾಸನೆ ನೋಡ್ತೀನಿ."

ಯಾರೋ ನಕ್ಕರು. ಗುಂಡಿಯ ಪಕ್ಕದಲ್ಲಿ ನಗಬಾರದೆಂದು ತಕ್ಷಣ ನಿಲ್ಲಿಸಿದರು. ಪೆತ್ರಿಯಾ ತನ್ನ ಗಂಡನ ಕೈಯಿಂದ ಗೂಟ ತೆಗೆದುಕೊಂಡಳು, ಜಗಳವಿಲ್ಲದೆ, ಮನೆಯಲ್ಲಿ ಅವನ ಕೈಯಿಂದ ಬಟ್ಟಲು ತೆಗೆದುಕೊಳ್ಳುವಂತೆ.

"ನಮ್ ಚೀಲ ಇನ್ನೂ ಗಿರಣೀಲಿದೆ," ಎಂದಳು. "ಹಬ್ಬದ ರೊಟ್ಟಿದು. ಮುಚ್ಚಿ."

ಮುಚ್ಚಿದರು. ಈ ಸಲ ಮೊಳೆ ಹೊಡೆಯಲಿಲ್ಲ.

ಭಾನುವಾರ ಅಕ್ಕ ಎದ್ದು ಬಂದು ಎಲ್ಲವನ್ನೂ ಕೇಳಿಸಿಕೊಂಡಳು. ಸಂತಳಾಗುವ ಅವಕಾಶ ತಪ್ಪಿಸಿದ್ದಕ್ಕೆ ನನ್ನ ಕಿವಿ ಹಿಂಡಿದಳು. ಅಂದಿನಿಂದ ಪ್ಲಮ್ ಮರದ ಬಂಡೆಯ ಮೇಲೆ ಚೀಲಗಳ ಜೊತೆ ಒಂದೊಂದು ಮಣ್ಣಿನ ಬಟ್ಟಲೂ ಬರತೊಡಗಿತು, ಮೇಲೆ ತಟ್ಟೆ ಮುಚ್ಚಿ. ಒಂದರಲ್ಲಿ ಕೋಳಿಯ ರಕ್ತ, ಒಂದರಲ್ಲಿ ಹಂದಿಯದು. ಯಾರೂ ಹೆಸರು ಹೇಳಲಿಲ್ಲ. ಅವಳು ಒಂದನ್ನೂ ಮುಟ್ಟಲಿಲ್ಲ. "ಹಬ್ಬದ ತನಕ ಉಪವಾಸ ಅಂದ್ರೆ ಉಪವಾಸ. ಆರು ದಿನಕ್ಕೆ ಯಾಕೆ ಕೆಡಿಸ್ಲಿ?" ಎಂದಳು. ಬಟ್ಟಲುಗಳನ್ನು ತೊಳೆದು ಹಿಟ್ಟಿನ ಮೇಲಿಟ್ಟು ಕಳಿಸಿದಳು.

ಮೂವತ್ತನೆಯ ಚೀಲ ಇವತ್ತು ಮಧ್ಯಾಹ್ನ ಮುಗಿಯಿತು. ಅವಳು ತೂಬು ಮುಚ್ಚಿ, ಕಲ್ಲು ಗುಡಿಸಿ, ಎಲ್ಲ ಉಳಿಗಳನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿದಳು. ಇನ್ನಿಲ್ಲಿ ಇರಲು ಆಗುವುದಿಲ್ಲವಂತೆ. "ನಾಳೆಯಿಂದ ಹಬ್ಬ. ಉಪವಾಸ ಅನ್ನೋ ನೆಪ ಇರಲ್ಲ. ಹಸಿವು ಇರತ್ತೆ. ಪೆತ್ರಿಯಾ ಕಿಟಕಿ ಯಾವಾಗ್ಲೂ ತೆರೆದೇ ಇಟ್ಟಿರ್ತಾಳೆ ನೋಡು ಈಗ" ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಇದನ್ನು ಬರೆಯುವಾಗ ಅವಳು ಅಪ್ಪನ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ಕಾಗದ ಬೇಗ ಮುಗಿಸು ಎನ್ನುತ್ತಿದ್ದಾಳೆ. ಈ ಪತ್ರವನ್ನು ಕಾವಲುಗಾರನಿಗೆ ಕೊಡುವುದಿಲ್ಲ.

ಬೆಕ್ಕಿನ ತಪ್ಪನ್ನು ಆಮೇಲೆ ತೀರಿಸಿಕೊಳ್ಳುತ್ತೇನೆ ಎಂದಿದ್ದಳಲ್ಲ, ಈಗ ಕೇಳಿದೆ. "ಇಷ್ಟು ದಿನ ನಾನು ಬೀಸಿದೆ. ಇನ್ಮೇಲೆ ನೀನು ಬೀಸು. ಅದೇ ಶಿಕ್ಷೆ" ಎಂದಳು.

ತ್ರಿವೂನ್


ಮಠದಿಂದ
1732, ಜನವರಿ 7

ತ್ರಿವೂನ್,

ನಿನ್ನ ಪತ್ರದಲ್ಲಿ ತೂತುಗಳಿರಲಿಲ್ಲ. ವಿನಿಗರ್ ವಾಸನೆಯೂ ಇರಲಿಲ್ಲ. ಮಡಿಕೆ ಬಿಡಿಸಿದಾಗ ಮೇಜಿನ ಮೇಲೆ ಹಿಟ್ಟು ಉದುರಿತು.

ಕ್ರಿಸ್‌ಮಸ್ ಬೆಳಗ್ಗೆ ಪೂಜೆ ಮುಗಿಸಿ ಅಡುಗೆಮನೆಗೆ ಹೋದರೆ ಒಬ್ಬ ಹೆಂಗಸು ಗಂಡಸಿನ ಕೋಟು ತೊಟ್ಟು ನಿಂತಿದ್ದಳು. ನನಗೂ ಕಂಡಳು, ಅಡುಗೆಯವನಿಗೂ ಕಂಡಳು. ನಾನು ಶನಿವಾರ ಹುಟ್ಟಿದವನಲ್ಲ, ಅವನೂ ಅಲ್ಲ. ನಲವತ್ತು ಮುಗಿದಿತ್ತು. ಪತ್ರವನ್ನು ನನ್ನ ಕೈಗೆ ಕೊಟ್ಟಳು. ಬೆರಳು ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ನಾನು ಹೆಸರು ಕೇಳಲಿಲ್ಲ. ಶಿಲುಬೆ ಎತ್ತಲಿಲ್ಲ. ಎತ್ತಬೇಕಿತ್ತೇನೋ. ಅಷ್ಟು ಬಳಲಿದ, ಅಷ್ಟು ನೆಟ್ಟಗೆ ನಿಂತ ಮನುಷ್ಯರನ್ನು ನಾನು ನೋಡಿರಲಿಲ್ಲ.

ಕೂತುಕೋ ಎಂದೆ. ಅವಳು ಒಲೆಯ ಹತ್ತಿರ ಹೋಗಿ ಮಡಕೆಯ ಮುಚ್ಚಳ ತೆಗೆದು ನೋಡಿದಳು.

"ಗುರುಗಳೇ," ಎಂದಳು, "ಕಾಳಲ್ಲಿ ಹುಳ ಇದೆ."

ಮುಚ್ಚಳ ಮುಚ್ಚಿ ಹೊರಟುಹೋದಳು.

ನಿನ್ನೆ ಹಬ್ಬಕ್ಕೆ ಬಿಷಪ್ಪರು ಬಂದಿದ್ದರು. ಮಕ್ಕಳೆದುರಿಗೇ ಹೇಳಿದೆ. ಒಂದು ವರ್ಷದ ಹಿಂದೆ ತ್ರಿವೂನ್ ಎಂಬ ಹುಡುಗ ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು ಎಂದೆ. ಉಗ್ರಾಣದ ಕಾಳನ್ನೆಲ್ಲ ಹೊಳೆಗೆ ಸುರಿದರು. ನನ್ನನ್ನು ಶಾಲೆಯಿಂದ ತೆಗೆದು ಗಂಟೆ ಬಾರಿಸುವ ಕೆಲಸಕ್ಕೆ ಹಾಕಿದ್ದಾರೆ. ಕೈ ನೋಯುತ್ತದೆ. ಆದರೆ ಹಗುರಾಗಿದ್ದೇನೆ.

ನಿನ್ನ ಹಳೆಯ ಗುರು,
ಪಖೋಮಿಯೆ


(ತೂತಿಲ್ಲದ ಕಾಗದ, ಊರಿನ ಹೆಸರಿಲ್ಲ)
1734, ಜಾರ್ಜ್ ಹಬ್ಬದ ಹತ್ತಿರ

ಪಂಡಿತ,

ನೀ ಕಲಿಸಿದ ಅಕ್ಷರದಲ್ಲೇ ಬರೀತಿದ್ದೀನಿ, ತಪ್ಪಿದ್ರೆ ನಿಂದೇ ತಪ್ಪು. ನಾನು ಈಗ ಎರಡು ದೊಡ್ಡ ನದಿ ದಾಟಿದ ಊರಲ್ಲಿ ಕಟುಕರ ಬೀದೀಲಿದ್ದೀನಿ. ಇಲ್ಲಿ ಬೇಕಾದ್ದು ಬಟ್ಟಲು ತುಂಬ ಸಿಗತ್ತೆ, ಯಾರ ಕಿಟಕೀಗೂ ಹೋಗ್ಬೇಕಿಲ್ಲ. ಒಬ್ಬೊಬ್ಬರ ಕುತ್ತಿಗೆ ನೋಡಿದಾಗ ಕಷ್ಟ ಆಗತ್ತೆ. ಆಗ ಬುಧವಾರ ಅಂದ್ಕೋತೀನಿ. ನನ್ ವಾರದಲ್ಲಿ ಈಗ ಬುಧವಾರಗಳೇ ಜಾಸ್ತಿ.

ಇಲ್ಲಿನ ಹಿಟ್ಟು ದಪ್ಪ, ಕಲ್ಲು ಮಸೆಯೋದು ಯಾರಿಗೂ ಬರಲ್ಲ.

ಸ್ಮಿಲ್ಯಾನಾ ಅಜ್ಜಿ ಇದ್ದಾಳಾ? ಪೆತ್ರಿಯಾಗೆ ಮತ್ತೆ ಮಗು ಆಯ್ತು ಅಂತ ಕುರಿ ವ್ಯಾಪಾರಿ ಒಬ್ಬ ಹೇಳಿದ. ಕಿಟಕಿ ಹಾಕ್ಕೊಳ್ಳೋಕೆ ಹೇಳು. ನನ್ನಿಂದಲ್ಲ, ಗಾಳಿಗೆ.

ಹಿಂದಿನ ತಿಂಗಳು ಒಂದಿನ ಮಂಜಲ್ಲಿ ಬಂದಿದ್ದೆ. ನಿನ್ನ ನೋಡೋಕಲ್ಲ, ಸದ್ದು ಕೇಳೋಕೆ. ಹೊಳೆ ಆಚೆ ನಿಂತು ಕೇಳಿದೆ. ಏಳು ಬೆರಳಲ್ಲಿ ಚೆನ್ನಾಗೇ ಬೀಸ್ತಿದ್ದೀಯ. ಆದ್ರೆ ಮೇಲುಗಲ್ಲು ಎಡಗಡೆ ಒಂದು ಕೂದಲಷ್ಟು ವಾಲಿದೆ.

ಸರಿಮಾಡ್ಕೋ.

ನಿನ್ನ ಅಕ್ಕ,
ಇನ್ನೂ,
ಸ್ತಮೆನಾ